ಒಬ್ಬ ವಿಜ್ಞಾನಿ, ಎರಡು ಕ್ಷೇತ್ರ: ಉಲ್ಲೇಖಗಳ ಲೆಕ್ಕವನ್ನು ಓದುವ ಬಗೆ

“ಕಾಕಾ, ಇವರು ಪಾಲಿಮರ್‌ನವರೋ ಕಂಪ್ಯೂಟರ್‌ನವರೋ ತಿಳೀವಲ್ದು” ಎಂದು ಧಾರವಾಡದ ಗೆಳೆಯರ ಮಗಳು ಲ್ಯಾಪ್‌ಟಾಪನ್ನು ನನ್ನ ಕಡೆಗೆ ತಿರುಗಿಸಿದಳು. ಪುಣೆಯಲ್ಲಿ ಎಂ.ಎಸ್ಸಿ. ಮುಗಿಸಿರುವ ಆಕೆ ಪಿಎಚ್.ಡಿ. ಮಾರ್ಗದರ್ಶಕರನ್ನು ಹುಡುಕುತ್ತಿದ್ದಾಳೆ. ಪರದೆಯ ಮೇಲಿದ್ದ, ಸಂಶೋಧನಾ ಲೇಖನಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್ ತಾಣದ ಪುಟದಲ್ಲಿ, ವಿಜ್ಞಾನಿಯ ಹೆಸರಿನ ಕೆಳಗೆ, ಆಸಕ್ತಿಯ ವಿಷಯಗಳೆಂದು ಪಾಲಿಮರ್ (ಪ್ಲಾಸ್ಟಿಕ್‌ನಂಥ ಉದ್ದ ಸರಪಳಿಯ ಅಣುಗಳ ವಸ್ತುಗಳು) ಮತ್ತು ಕಂಪ್ಯೂಟರ್ ವಿಷನ್ (ಚಿತ್ರಗಳನ್ನು ಅರಿಯಲು ಯಂತ್ರಕ್ಕೆ ಕಲಿಸುವ ವಿದ್ಯೆ) ಎಂಬ ಎರಡೇ ಹೆಸರುಗಳಿದ್ದವು. ಪಕ್ಕದ ಪಟ್ಟಿಯಲ್ಲಿ ಒಟ್ಟು ಉಲ್ಲೇಖ (ಇವರ ಲೇಖನಗಳನ್ನು ಬೇರೆ ಲೇಖನಗಳು ಎಷ್ಟು ಸಲ ಹೆಸರಿಸಿವೆ ಎಂಬ ಎಣಿಕೆ), ಎಚ್-ಇಂಡೆಕ್ಸ್ ಮತ್ತು ಐ10-ಇಂಡೆಕ್ಸ್ ಎಂಬ ಮೂರು ಅಂಕಿಗಳಿದ್ದವು. ಪುಣೆಯ ಒಂದು ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ 26 ವರ್ಷ ಇಂಥ ಪಟ್ಟಿಗಳನ್ನೇ ತಯಾರಿಸಿದವನು ನಾನು. ಅಂದು ಕೋಥರೂಡದ ನಮ್ಮ ಮನೆಯ ಜಗಲಿಯಲ್ಲಿ ಕೂತು ಅವಳಿಗೆ ತೋರಿಸಿಕೊಟ್ಟದ್ದನ್ನು, ಅದೇ ಪ್ರಶ್ನೆ ಹೊತ್ತು ಬರುವ ಇತರ ವಿದ್ಯಾರ್ಥಿಗಳಿಗೂ ಆಯ್ಕೆ ಸಮಿತಿಗಳಲ್ಲಿ ಕೂರುವ ಅಧ್ಯಾಪಕರಿಗೂ ನೆರವಾಗಲೆಂದು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಮಾಡಬೇಕಾದ ಕೆಲಸ, ಆ ಮೂರು ಅಂಕಿಗಳ ಮೇಲೆ ಒಂದು ಕಾಗದ ಮುಚ್ಚಿಡುವುದು. ಪಾಲಿಮರ್ ವಿಜ್ಞಾನವೂ ಕಂಪ್ಯೂಟರ್ ವಿಷನ್ನೂ ಉಲ್ಲೇಖಗಳ ವಿಷಯದಲ್ಲಿ ಬೇರೆ ಬೇರೆ ಅಳತೆಯ ಊರುಗಳು. ಒಂದು ಊರಿನ ಸೇರನ್ನು ಇನ್ನೊಂದು ಊರಿನ ಪಾವಿನೊಂದಿಗೆ ಕೂಡಿಸಿ ಬಂದ ಮೊತ್ತದಿಂದ ಎರಡೂ ಕಡೆಯ ಫಸಲು ತಿಳಿಯುವುದಿಲ್ಲ. ಆದ್ದರಿಂದ ಮೊದಲು ಲೇಖನಗಳು ನಿಜಕ್ಕೂ ಒಬ್ಬರವೇ ಎಂದು ಖಚಿತಪಡಿಸಿಕೊಳ್ಳಬೇಕು, ಅನಂತರ ಅವುಗಳನ್ನು ಎರಡು ರಾಶಿ ಮಾಡಬೇಕು, ಒಂದೊಂದು ರಾಶಿಯನ್ನೂ ಅದರದೇ ಅಳತೆಯಲ್ಲಿ ನೋಡಬೇಕು, ಕೊನೆಗೆ ಎರಡೂ ರಾಶಿಗಳು ಕೂಡುವ ಜಾಗದಲ್ಲಿರುವ ಕೆಲವು ಲೇಖನಗಳನ್ನು ಓದಲೇಬೇಕು.

ಲೇಖನಗಳು ಒಬ್ಬರವೇ ಎಂದು ನೋಡುವುದು ಕ್ಷುಲ್ಲಕ ಕೆಲಸವೆಂದು ಕಾಣಬಹುದು. ನಮ್ಮ ಭಾಗದ ಹೆಸರುಗಳನ್ನು ಬಲ್ಲವರಿಗೆ ಹಾಗೆ ಅನ್ನಿಸದು. ಪಾಟೀಲ, ಕುಲಕರ್ಣಿ, ದೇಶಪಾಂಡೆ, ಜೋಶಿ ಎಂಬ ಅಡ್ಡಹೆಸರುಗಳು ಪುಣೆ, ಕೊಲ್ಹಾಪುರ, ಬೆಳಗಾವಿ, ಧಾರವಾಡ, ವಿಜಯಪುರಗಳಲ್ಲಿ ಒಂದೇ ಸಮನೆ ಹರಡಿಕೊಂಡಿವೆ. ‘ಎಸ್. ಪಾಟೀಲ’ ಎಂದು ಹುಡುಕಿದರೆ ರಸಾಯನ ವಿಜ್ಞಾನಿ, ಎಂಜಿನಿಯರ್, ಶಸ್ತ್ರವೈದ್ಯ ಎಲ್ಲರೂ ಒಟ್ಟಿಗೇ ಬಂದು ನಿಲ್ಲುತ್ತಾರೆ. ಹಳೇ ಮೈಸೂರಿನ ಕಡೆಯವರದು ಇನ್ನೊಂದು ತೊಡಕು: ಊರು ಮತ್ತು ತಂದೆಯ ಹೆಸರಿನ ಇನಿಷಿಯಲ್‌ಗಳು ಒಂದು ಪತ್ರಿಕೆಯಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ ಬಂದು, ಒಬ್ಬರೇ ಮೂವರಾಗಿ ಒಡೆದುಹೋಗುತ್ತಾರೆ. ಮದುವೆಯಾದ ಮೇಲೆ ಅಡ್ಡಹೆಸರು ಬದಲಿಸಿದ ಮಹಿಳೆಯರ ಮೊದಲ ಹತ್ತು ವರ್ಷಗಳ ಕೆಲಸ ಎಷ್ಟೋ ಸಲ ಲೆಕ್ಕಕ್ಕೇ ಬರುವುದಿಲ್ಲ. ಇದು ನನ್ನ ಮನಸ್ಸಿಗೆ ತುಂಬ ನೋವು ಕೊಟ್ಟಿರುವ ಸಂಗತಿ.

ಒಮ್ಮೆ ನಾನೇ ಈ ತಪ್ಪು ಮಾಡಿದ್ದೇನೆ. ಬಡ್ತಿಯ ಸಮಿತಿಯೊಂದಕ್ಕೆ ಅವಸರದಲ್ಲಿ ಕೊಟ್ಟ ಪಟ್ಟಿಯಲ್ಲಿ, ಅದೇ ಹೆಸರಿನ ಬೇರೊಬ್ಬರ 11 ಲೇಖನಗಳು ಸೇರಿಹೋಗಿದ್ದವು. ಅಭ್ಯರ್ಥಿಯೇ ಸಭೆಯಲ್ಲಿ ಎದ್ದು ನಿಂತು ‘ಇವು ನನ್ನವಲ್ಲ’ ಎಂದು ಹೇಳಬೇಕಾಯಿತು. ಅವರ ಪ್ರಾಮಾಣಿಕತೆ ದೊಡ್ಡದು. ಆದರೆ ಹಾಗೆ ಹೇಳಬೇಕಾದ ಸ್ಥಿತಿಗೆ ಅವರನ್ನು ತಂದದ್ದು ನನ್ನ ಅಜಾಗ್ರತೆ. ಒಂದೇ ಪುಟದಲ್ಲಿ ಪಾಲಿಮರ್ ಮತ್ತು ಕಂಪ್ಯೂಟರ್ ವಿಷನ್‌ನಷ್ಟು ದೂರದ ವಿಷಯಗಳು ಕಂಡರೆ, ಇಬ್ಬರು ವ್ಯಕ್ತಿಗಳು ಒಂದಾಗಿ ಸೇರಿಕೊಂಡಿರಬಹುದೆಂಬ ಅನುಮಾನವೇ ಮೊದಲು ಬರಬೇಕೆಂದು ನಾನು ಅಂದಿನಿಂದ ಹೇಳುತ್ತ ಬಂದಿದ್ದೇನೆ.

ಪರಿಹಾರವೇನೆಂದರೆ, 2012ರಲ್ಲಿ ಆರಂಭವಾದ ಆರ್ಕಿಡ್ ಎಂಬ 16 ಅಂಕಿಗಳ ಗುರುತನ್ನು ಹುಡುಕುವುದು. ಅದು ಹೆಸರಿಗಲ್ಲ, ವ್ಯಕ್ತಿಗೆ ಅಂಟಿಕೊಂಡಿರುತ್ತದೆ. ಹೆಸರು, ಊರು, ಸಂಸ್ಥೆ ಬದಲಾದರೂ ಬದಲಾಗದು. ಅದು ಸಿಗದಿದ್ದರೆ ಅಥವಾ ಅರೆಬರೆ ತುಂಬಿದ್ದರೆ, ಎರಡೂ ವಿಷಯಗಳಿಂದ ನಾಲ್ಕು ನಾಲ್ಕು ಲೇಖನ ತೆಗೆದು, ಮೊದಲ ಪುಟದಲ್ಲಿರುವ ಸಂಸ್ಥೆಯ ವಿಳಾಸ, ಸಹಲೇಖಕರ ಹೆಸರು, ವರ್ಷ ಇವನ್ನು ಒಂದರ ಪಕ್ಕ ಒಂದಿಟ್ಟು ನೋಡಿ. 2016ರಲ್ಲಿ ಪುಣೆಯಲ್ಲಿ ಪಾಲಿಮರ್ ಪ್ರಯೋಗ ಮಾಡುತ್ತಿದ್ದವರು ಅದೇ ವರ್ಷ ಬೇರೆ ದೇಶದ ಸಂಸ್ಥೆಯಿಂದ, ಪಾಲಿಮರ್ ಲೇಖನಗಳಲ್ಲಿ ಒಬ್ಬರೂ ಕಾಣದ ಬೇರೆಯೇ ಸಹಲೇಖಕರೊಂದಿಗೆ ಮುಖ ಗುರುತಿಸುವ ತಂತ್ರದ ಬಗ್ಗೆ ಬರೆದಿದ್ದರೆ, ಅವರು ಬೇರೆಯವರಿರುವ ಸಾಧ್ಯತೆಯೇ ಹೆಚ್ಚು. ಎರಡೂ ರಾಶಿಗಳನ್ನು ಜೋಡಿಸುವ ಒಬ್ಬ ಸಹಲೇಖಕರಾದರೂ, ಒಂದು ಯೋಜನೆಯಾದರೂ ಸಿಕ್ಕರೆ ಮುಂದುವರಿಯಬಹುದು. ಗೂಗಲ್ ಸ್ಕಾಲರ್ ಪುಟವನ್ನು ಯಂತ್ರವೇ ತುಂಬಿ, ಲೇಖಕರು ಅದನ್ನು ಆಮೇಲೆ ತಿದ್ದದೆ ಬಿಟ್ಟಿರುವುದು ಸಾಮಾನ್ಯವಾದ್ದರಿಂದ, ಇಂಥ ಬೆರಕೆಯನ್ನು ಕೂಡಲೇ ಮೋಸವೆಂದು ತೀರ್ಮಾನಿಸುವುದೂ ಸರಿಯಲ್ಲ.

ಇನ್ನು ರಾಶಿ ಮಾಡುವ ಕೆಲಸ. ಎಕ್ಸೆಲ್ ಹಾಳೆಯಲ್ಲಿ ಲೇಖನದ ಶೀರ್ಷಿಕೆ, ವರ್ಷ, ಪತ್ರಿಕೆ ಅಥವಾ ಸಮ್ಮೇಳನ, ಲೇಖನದ ಬಗೆ, ಲೇಖಕರ ಸಾಲಿನಲ್ಲಿ ಇವರ ಸ್ಥಾನ, ಉಲ್ಲೇಖಗಳ ಸಂಖ್ಯೆ ಎಂದು ಕಾಲಂಗಳನ್ನು ಹಾಕಿಕೊಂಡು, ಕೊನೆಯ ಕಾಲಂನಲ್ಲಿ ‘ಪಾ’, ‘ವಿ’ ಅಥವಾ ಎರಡೂ ಸೇರಿದ್ದರೆ ‘ಪಾ-ವಿ’ ಎಂದು ಗುರುತು ಹಾಕಬೇಕು. ಪತ್ರಿಕೆಯ ಹೆಸರು ನೋಡಿ ಗುರುತು ಹಾಕಿದರೆ ತಪ್ಪುತ್ತದೆ. ಸಾರಾಂಶವನ್ನು ಓದಿಯೇ ಹಾಕಬೇಕು.

ಒಂದು ಉದಾಹರಣೆಯನ್ನು ಬಿಡಿಸಿ ತೋರಿಸುತ್ತೇನೆ. ಇಲ್ಲಿನ ಅಂಕಿಗಳು ಲೆಕ್ಕ ತಿಳಿಸಲೆಂದು ನಾನೇ ಹಿಡಿದುಕೊಂಡವು. ಒಬ್ಬರ ಹತ್ತು ಲೇಖನಗಳಿಗೆ ಬಂದ ಉಲ್ಲೇಖಗಳು ಇಳಿಕೆಯ ಕ್ರಮದಲ್ಲಿ 60, 34, 21, 15, 9, 7, 7, 6, 3, 1 ಎಂದಿರಲಿ. ಒಟ್ಟು 163. ಎಚ್-ಇಂಡೆಕ್ಸ್ ಎಂಬುದು ಅಮೆರಿಕದ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಅವರು 2005ರಲ್ಲಿ ಮುಂದಿಟ್ಟ ಅಳತೆ: ಕನಿಷ್ಠ ‘ಎಚ್’ ಉಲ್ಲೇಖಗಳು ಬಂದಿರುವ ‘ಎಚ್’ ಲೇಖನಗಳು ಎಷ್ಟರವರೆಗೆ ಸಿಗುತ್ತವೆಯೋ ಅದೇ ಸಂಖ್ಯೆ. ಏಳನೆಯ ಲೇಖನಕ್ಕೆ 7 ಉಲ್ಲೇಖಗಳಿವೆ, ಎಂಟನೆಯದಕ್ಕೆ 6 ಮಾತ್ರ. ಆದ್ದರಿಂದ ಎಚ್-ಇಂಡೆಕ್ಸ್ 7. ಹತ್ತು ಅಥವಾ ಹೆಚ್ಚು ಉಲ್ಲೇಖಗಳಿರುವ ಲೇಖನಗಳನ್ನು ಎಣಿಸುವ ಐ10-ಇಂಡೆಕ್ಸ್ 4. ಈಗ ರಾಶಿ ಬೇರೆ ಮಾಡೋಣ. ಪಾಲಿಮರ್ ಲೇಖನಗಳು ಆರು: 34, 15, 9, 7, 6, 1. ಕಂಪ್ಯೂಟರ್ ವಿಷನ್ ಲೇಖನಗಳು ನಾಲ್ಕು: 60, 21, 7, 3. ಪಾಲಿಮರ್ ರಾಶಿಯ ಎಚ್-ಇಂಡೆಕ್ಸ್ 5, ವಿಷನ್ ರಾಶಿಯದು 3. ಐದೂ ಮೂರೂ ಎಂಟಾಗಬೇಕಿತ್ತು, ಪುಟದ ಮೇಲೆ ಏಳಿದೆ. ಅಂದರೆ ಎರಡು ಕ್ಷೇತ್ರಗಳ ಎಚ್-ಇಂಡೆಕ್ಸ್‌ಗಳನ್ನು ಕೂಡುವುದಾಗಲಿ ಒಟ್ಟು ಅಂಕಿಯಿಂದ ಅವನ್ನು ಊಹಿಸುವುದಾಗಲಿ ಸಾಧ್ಯವಿಲ್ಲ. ಇನ್ನೂ ಮುಖ್ಯವಾದದ್ದು, ನಾಲ್ಕೇ ವಿಷನ್ ಲೇಖನಗಳು 91 ಉಲ್ಲೇಖಗಳನ್ನು ತಂದಿವೆ, ಆರು ಪಾಲಿಮರ್ ಲೇಖನಗಳು ತಂದಿರುವುದು 72. ಈ ವ್ಯಕ್ತಿ ವಿಷನ್‌ನಲ್ಲಿ ಹೆಚ್ಚು ಸಮರ್ಥರೆಂದು ಇದರಿಂದ ಹೇಳಬಹುದೇ? ಹೇಳಲಾಗದು, ಏಕೆಂದರೆ 91ರಲ್ಲಿ 60 ಒಂದೇ ಲೇಖನದ್ದು. ಆ ಒಂದು ಲೇಖನ ಹೊಸ ವಿಧಾನವೋ, ಇತರರು ಬಳಸುವ ಚಿತ್ರಸಂಗ್ರಹವೋ, ಅಥವಾ ಹಿಂದಿನ ಕೆಲಸವನ್ನು ಸಮೀಕ್ಷಿಸುವ ಲೇಖನವೋ ಎಂದು ತೆರೆದು ನೋಡಬೇಕು. ಸಮೀಕ್ಷಾ ಲೇಖನಗಳಿಗೆ ಸಾಮಾನ್ಯವಾಗಿ ಉಲ್ಲೇಖ ಹೆಚ್ಚು. ಅವು ಉಪಯುಕ್ತವೇ, ಆದರೆ ಮೂಲ ಸಂಶೋಧನೆಯ ಸಾಲಿನಲ್ಲಿ ಅವನ್ನು ಎಣಿಸಬಾರದು.

ಎರಡು ಕ್ಷೇತ್ರಗಳ ನಡುವಿನ ವ್ಯತ್ಯಾಸ ಎಲ್ಲಿಂದ ಬರುತ್ತದೆಂದು ತಿಳಿದರೆ ಮುಂದಿನ ಹೆಜ್ಜೆ ಸುಲಭ. ಪಾಲಿಮರ್ ಕೆಲಸ ನಿಧಾನದ್ದು. ಪಾಲಿಮರಿನ ಬಿಡಿ ಘಟಕವಾದ ಮಾನೋಮರನ್ನು ಶುದ್ಧಿ ಮಾಡಿ, ಪಾಲಿಮರೀಕರಣ ನಡೆಸಿ, ಅಣುತೂಕದ ಹಂಚಿಕೆಯನ್ನು, ಅಣುಗಳನ್ನು ಗಾತ್ರದಂತೆ ಬೇರ್ಪಡಿಸುವ ಜಿಪಿಸಿ ಉಪಕರಣದಲ್ಲಿ ಅಳೆದು, ಕರಗುವ ಉಷ್ಣತೆ, ಎಳೆತದ ಬಲ, ತಿಂಗಳುಗಟ್ಟಲೆ ಬಿಸಿಲು-ತೇವದಲ್ಲಿಟ್ಟಾಗ ಆಗುವ ಸವೆತ ಇವೆಲ್ಲವನ್ನೂ ನೋಡಿದ ಮೇಲೆ ಒಂದು ಲೇಖನವಾಗುತ್ತದೆ. ಅದರ ಮೇಲೆ ಕೆಲಸ ಮಾಡುವವರಿಗೂ ಅಷ್ಟೇ ಕಾಲ ಬೇಕು. ಹಾಗಾಗಿ ಉಲ್ಲೇಖಗಳು ತಡವಾಗಿ ಆರಂಭವಾಗಿ ಬಹುಕಾಲ ಬರುತ್ತಿರುತ್ತವೆ. 1940ರ ದಶಕದ ಆರಂಭದಲ್ಲಿ ಫ್ಲೋರಿ ಮತ್ತು ಹಗಿನ್ಸ್ ಬೇರೆ ಬೇರೆಯಾಗಿ ರೂಪಿಸಿದ ಪಾಲಿಮರ್ ದ್ರಾವಣಗಳ ಸಿದ್ಧಾಂತವನ್ನು ಇಂದಿಗೂ ಉಲ್ಲೇಖಿಸುತ್ತಾರೆ. ಲೇಖನಗಳು ಪ್ರಕಟವಾಗುವುದು ಮುಖ್ಯವಾಗಿ ಪತ್ರಿಕೆಗಳಲ್ಲಿ. 1968ರಿಂದ ಬರುತ್ತಿರುವ ‘ಮ್ಯಾಕ್ರೋಮಾಲಿಕ್ಯೂಲ್ಸ್’ ಅಂಥವುಗಳಲ್ಲಿ ಹೆಸರಾದದ್ದು.

ಕಂಪ್ಯೂಟರ್ ವಿಷನ್‌ನವರ ರೂಢಿಯೇ ಬೇರೆ. ಅಲ್ಲಿ ಉತ್ತಮ ಕೆಲಸ ಮೊದಲು ಸಮ್ಮೇಳನಕ್ಕೆ ಹೋಗುತ್ತದೆ. ಪ್ರತಿ ವರ್ಷ ನಡೆಯುವ ಸಿವಿಪಿಆರ್, ಬೆಸ ವರ್ಷಗಳ ಐಸಿಸಿವಿ, ಸಮ ವರ್ಷಗಳ ಇಸಿಸಿವಿ ಇವು ಮೂರೂ ಪ್ರತಿಷ್ಠಿತ ವೇದಿಕೆಗಳು. ಸಿವಿಪಿಆರ್‌ಗೆ ಬಂದ ಲೇಖನಗಳಲ್ಲಿ ಆಯ್ಕೆಯಾಗುವುದು ಸುಮಾರು ಕಾಲು ಭಾಗ. ನಮ್ಮ ರಸಾಯನ ವಿಭಾಗಗಳ ಹಿರಿಯರು ‘ಇದು ಬರೀ ಕಾನ್ಫರೆನ್ಸ್ ಪೇಪರ್’ ಎಂದು ಪಕ್ಕಕ್ಕಿಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ವಿಷನ್ ಕ್ಷೇತ್ರದ ಮಟ್ಟಿಗೆ ಇದು ದೊಡ್ಡ ಅನ್ಯಾಯ. ಲೇಖನ ಸಮ್ಮೇಳನದಲ್ಲಿ ಮಂಡನೆಯಾಗುವ ಮೊದಲೇ ಹೆಚ್ಚಾಗಿ ಆರ್ಕೈವ್ (arXiv) ಎಂಬ ಉಚಿತ ತಾಣದಲ್ಲಿ ಪೂರ್ವಪ್ರತಿಯಾಗಿ ಎಲ್ಲರ ಕೈಸೇರಿರುತ್ತದೆ, ಎಷ್ಟೋ ಸಲ ಜೊತೆಗೆ ಕೋಡ್ ಕೂಡ ಸಿಗುತ್ತದೆ, ಆದ್ದರಿಂದ ಕೆಲವೇ ತಿಂಗಳಲ್ಲಿ ಉಲ್ಲೇಖಗಳು ಶುರುವಾಗುತ್ತವೆ. 2015ರ ಡಿಸೆಂಬರಿನಲ್ಲಿ ಆರ್ಕೈವ್‌ಗೂ 2016ರಲ್ಲಿ ಸಿವಿಪಿಆರ್‌ಗೂ ಬಂದ, ಚಿತ್ರ ಗುರುತಿಸುವ ರೆಸ್‌ನೆಟ್ ಎಂಬ ಕೃತಕ ನರಜಾಲದ ಲೇಖನಕ್ಕೆ ಗೂಗಲ್ ಸ್ಕಾಲರ್‌ನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಉಲ್ಲೇಖಗಳಿವೆ. ಪಾಲಿಮರ್ ರಸಾಯನದ ಎಂಥ ಮಹತ್ವದ ಲೇಖನವನ್ನೂ ಈ ಅಂಕಿಯ ಪಕ್ಕದಲ್ಲಿಡುವುದು ತರವಲ್ಲ.

ಹಾಗಾದರೆ ಹೋಲಿಸುವುದು ಹೇಗೆ? ಅದೇ ಕ್ಷೇತ್ರದ, ಅದೇ ವರ್ಷದ, ಅದೇ ಬಗೆಯ ಲೇಖನಗಳಿಗೆ ಸರಾಸರಿ ಎಷ್ಟು ಉಲ್ಲೇಖ ಬಂದಿದೆಯೋ ಅದರಿಂದ ನಮ್ಮ ಲೇಖನದ ಉಲ್ಲೇಖವನ್ನು ಭಾಗಿಸಬೇಕು. ಸ್ಕೋಪಸ್ ಎಂಬ ಉಲ್ಲೇಖ ಸಂಗ್ರಹದವರು ಇದನ್ನು ಕ್ಷೇತ್ರಕ್ಕೆ ತೂಕ ಕೊಟ್ಟ ಉಲ್ಲೇಖ ಪ್ರಭಾವ ಎಂಬ ಅರ್ಥದ ಎಫ್‌ಡಬ್ಲ್ಯುಸಿಐ ಎಂದು ಕೊಡುತ್ತಾರೆ. 1 ಎಂದರೆ ಜಗತ್ತಿನ ಸರಾಸರಿ. ಮೇಲಿನ ಉದಾಹರಣೆಯಲ್ಲಿ 34 ಉಲ್ಲೇಖಗಳ ಪಾಲಿಮರ್ ಲೇಖನದ ವರ್ಗಕ್ಕೆ ಸರಾಸರಿ 20 ಎಂದಿಟ್ಟುಕೊಂಡರೆ ಅದರ ಪ್ರಭಾವ 1.7 ಆಗುತ್ತದೆ. 60 ಉಲ್ಲೇಖಗಳ ವಿಷನ್ ಲೇಖನದ ವರ್ಗಕ್ಕೆ ಸರಾಸರಿ 75 ಎಂದಿಟ್ಟುಕೊಂಡರೆ 0.8. ಮೇಲೆ ಕಾಣುತ್ತಿದ್ದದ್ದು ಕೆಳಗೆ ಬಂತು, ಕೆಳಗಿದ್ದದ್ದು ಮೇಲೆ ಹೋಯಿತು. ಈ ವಿಧಾನಕ್ಕೂ ಒಂದು ಕೊರತೆ ಇದೆ: ಕೆಲವೇ ಲೇಖನಗಳು ಸರಾಸರಿಯನ್ನು ಎತ್ತಿಬಿಡುತ್ತವೆ. ಆದ್ದರಿಂದ ಸಾಧ್ಯವಿದ್ದಲ್ಲಿ, ಲೇಖನ ತನ್ನ ವರ್ಗದ ಮೊದಲ ಶೇ. 10ರೊಳಗೆ ಇದೆಯೇ ಎಂಬುದನ್ನು ನೋಡುವುದು ಹೆಚ್ಚು ಭದ್ರ. ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರನ್ನು ಮಾತ್ರ ಇಲ್ಲಿ ಬಳಸಬೇಡಿ. ಅದು ಹಿಂದಿನ ಎರಡು ವರ್ಷಗಳ ಲೇಖನಗಳಿಗೆ ಒಂದು ವರ್ಷದಲ್ಲಿ ಬಂದ ಉಲ್ಲೇಖಗಳ ಸರಾಸರಿ. ಅಳೆಯುವುದು ಪತ್ರಿಕೆಯನ್ನು, ವ್ಯಕ್ತಿಯನ್ನಲ್ಲ. ನಿಧಾನವಾಗಿ ಮಾಗುವ ಪಾಲಿಮರ್ ಕೆಲಸಕ್ಕೆ ಎರಡು ವರ್ಷದ ಕಿಟಕಿ ಸಾಲುವುದೂ ಇಲ್ಲ. ವ್ಯಕ್ತಿಗಳ ಮೌಲ್ಯಮಾಪನಕ್ಕೆ ಅದನ್ನು ಬಳಸಬಾರದೆಂದು 2012ರ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ ಸ್ಪಷ್ಟವಾಗಿ ಹೇಳಿದೆ.

ಯಾವ ತಾಣದಿಂದ ಅಂಕಿ ತೆಗೆದುಕೊಂಡಿರಿ ಎಂಬುದೂ ಮುಖ್ಯ. ಗೂಗಲ್ ಸ್ಕಾಲರ್ ಪ್ರೌಢಪ್ರಬಂಧ, ಪೂರ್ವಪ್ರತಿ, ಪೇಟೆಂಟ್ ಎಲ್ಲದರಿಂದಲೂ ಉಲ್ಲೇಖ ಆಯ್ದುಕೊಳ್ಳುವುದರಿಂದ ಅದರ ಅಂಕಿ ಸಾಮಾನ್ಯವಾಗಿ ದೊಡ್ಡದು. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಆಯ್ದ ಪ್ರಕಟಣೆಗಳನ್ನಷ್ಟೇ ಎಣಿಸುತ್ತವೆ. ಅಲ್ಲಿ ಸ್ವಂತ ಉಲ್ಲೇಖಗಳನ್ನು ಕಳೆದು ನೋಡುವ ಅನುಕೂಲವೂ ಇದೆ. 2022ರಲ್ಲಿ ಬಂದ ಓಪನ್‌ಅಲೆಕ್ಸ್ ಎಲ್ಲರಿಗೂ ಉಚಿತ; ಸಂಸ್ಥೆಯ ಚಂದಾ ಇಲ್ಲದ ವಿದ್ಯಾರ್ಥಿಗಳಿಗೆ ನಾನು ಇದನ್ನೇ ಹೇಳುತ್ತೇನೆ. ಎರಡೂ ರಾಶಿಗಳಿಗೆ ಒಂದೇ ತಾಣ, ಒಂದೇ ದಿನ. ಹಿಂತೆಗೆದುಕೊಂಡ ಲೇಖನಗಳಿವೆಯೇ ಎಂದು ರಿಟ್ರಾಕ್ಷನ್ ವಾಚ್ ಸಂಗ್ರಹದಲ್ಲಿ ಒಮ್ಮೆ ನೋಡಿಬಿಡಿ. 2023ರಿಂದ ಅದು ಎಲ್ಲರಿಗೂ ತೆರೆದಿದೆ. ಯುಜಿಸಿ ಒಪ್ಪಿದ ಪತ್ರಿಕೆಗಳ ‘ಕೇರ್’ ಪಟ್ಟಿಯಲ್ಲಿ ಪತ್ರಿಕೆ ಇದೆಯೇ ಎಂದು ಈಗಲೂ ಕೆಲವರು ಕೇಳುತ್ತಾರೆ. ಪುಣೆ ವಿಶ್ವವಿದ್ಯಾಲಯದಲ್ಲೇ ಅದರ ಕೆಲಸ ನಡೆಯುತ್ತಿತ್ತು, ಆದರೆ 2025ರ ಫೆಬ್ರುವರಿಯಲ್ಲಿ ಯುಜಿಸಿ ಆ ಪಟ್ಟಿಯನ್ನು ಕೈಬಿಟ್ಟಿತು. ಪತ್ರಿಕೆಯ ಗುಣವನ್ನು ಪರಿಶೀಲಿಸುವ ಹೊಣೆ ಈಗ ಸಂಸ್ಥೆಗಳದು.

ಇಷ್ಟಾದ ಮೇಲೆ ‘ಪಾ-ವಿ’ ಎಂದು ಗುರುತು ಹಾಕಿದ ಲೇಖನಗಳಿಗೆ ಬರೋಣ. ಎರಡು ಕ್ಷೇತ್ರದ ವಿಜ್ಞಾನಿಯ ನಿಜವಾದ ಸತ್ವ ಇರುವುದು ಇಲ್ಲಿ, ಸಂಖ್ಯೆಗಳು ಕಡಿಮೆ ಹೇಳುವುದೂ ಇಲ್ಲಿಯೇ. ಪಾಲಿಪ್ರೊಪಿಲೀನನ್ನು ಕರಗಿಸಿ, ಒಂದೇ ಉಷ್ಣತೆಯಲ್ಲಿ ಹಿಡಿದಿಟ್ಟು, ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕಪ್ಪು ಹಿನ್ನೆಲೆಯಲ್ಲಿ ದುಂಡನೆಯ ಹರಳುಗುಚ್ಛಗಳು ಹುಟ್ಟಿ, ಒಂದೊಂದರ ನಡುವೆ ಕಪ್ಪು ಶಿಲುಬೆಯ ಗುರುತು ಹೊತ್ತು, ಒಂದನ್ನೊಂದು ಮುಟ್ಟುವವರೆಗೂ ಅರಳುತ್ತ ಹೋಗುತ್ತವೆ. ಇವಕ್ಕೆ ಸ್ಫೆರುಲೈಟ್ ಎನ್ನುತ್ತಾರೆ. ಹಿಂದೆ ನಮ್ಮ ವಿದ್ಯಾರ್ಥಿಗಳು ಛಾಯಾಚಿತ್ರದ ಮೇಲೆ ಸ್ಕೇಲ್ ಇಟ್ಟು ಒಂದೊಂದರ ತ್ರಿಜ್ಯ ಅಳೆದು, ಕಾಲದೆದುರು ಗೆರೆ ಎಳೆಯುತ್ತಿದ್ದರು. ಉಷ್ಣತೆ ಸ್ಥಿರವಾಗಿದ್ದರೆ ಗೆರೆ ನೇರವಾಗಿ ಬರುತ್ತಿತ್ತು, ಅದರ ಇಳಿಜಾರೇ ಬೆಳವಣಿಗೆಯ ವೇಗ. ಈಗ ಆ ಚಿತ್ರಗಳ ಅಂಚುಗಳನ್ನು ಯು-ನೆಟ್‌ನಂಥ, ಚಿತ್ರದ ಭಾಗಗಳನ್ನು ಬೇರ್ಪಡಿಸುವ ಕೃತಕ ನರಜಾಲಕ್ಕೆ ಕಲಿಸಿ ಸಾವಿರಾರು ಸ್ಫೆರುಲೈಟ್‌ಗಳನ್ನು ಒಮ್ಮೆಗೇ ಅಳೆಯಬಹುದು. ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಅಧ್ಯಯನ ಮಾಡುವ ಸೂಕ್ಷ್ಮ ಪ್ಲಾಸ್ಟಿಕ್‌ಗಳ ವಿಷಯದಲ್ಲೂ ಇಂಥ ಜೋಡಣೆಗೆ ಅವಕಾಶವಿದೆ: ನೈಲ್ ರೆಡ್ ಬಣ್ಣ ಹೀರಿ ಹೊಳೆಯುವ ಕಣಗಳನ್ನು ಚಿತ್ರದಲ್ಲಿ ಯಂತ್ರ ಎಣಿಸಬಲ್ಲದು, ಆದರೆ ಅವು ಯಾವ ಪಾಲಿಮರ್ ಎಂದು ಖಚಿತಪಡಿಸಲು ಇನ್ಫ್ರಾರೆಡ್ ಅಥವಾ ರಾಮನ್ ರೋಹಿತವೇ ಬೇಕು.

ಇಂಥ ಲೇಖನವನ್ನು ಓದುವಾಗ ವಿಧಾನದ ಭಾಗಕ್ಕೇ ಹೋಗಿ ಎರಡು ಸಂಗತಿ ನೋಡಿ. ಯಂತ್ರಕ್ಕೆ ಕಲಿಸಿದ ಚಿತ್ರಗಳಿಗೆ ಗುರುತು ಹಾಕಿದವರು ಯಾರು, ಪಾಲಿಮರ್ ಬಲ್ಲವರೇ? ಯಂತ್ರ ಕೊಟ್ಟ ಉತ್ತರವನ್ನು ಕೈಯಳತೆಯೊಂದಿಗೆ ಅಥವಾ ಬೇರೆ ಉಪಕರಣದೊಂದಿಗೆ ತಾಳೆ ನೋಡಿದ್ದಾರೆಯೇ? ಎರಡೂ ಇದ್ದರೆ ಆ ವಿಜ್ಞಾನಿ ಎರಡೂ ದಡ ಬಲ್ಲವರು. ಸಿದ್ಧ ಜಾಲವೊಂದಕ್ಕೆ ಚಿತ್ರ ಕೊಟ್ಟು ಶೇಕಡಾವಾರು ನಿಖರತೆಯನ್ನಷ್ಟೇ ಬರೆದಿದ್ದರೆ, ಉಲ್ಲೇಖ ಎಷ್ಟೇ ಇರಲಿ, ನಾನು ಅದಕ್ಕೆ ಹೆಚ್ಚು ಬೆಲೆ ಕೊಡುವುದಿಲ್ಲ. ಆಮೇಲೆ ಆ ಲೇಖನವನ್ನು ಉಲ್ಲೇಖಿಸಿದ ಇತ್ತೀಚಿನ 20 ಲೇಖನಗಳನ್ನು ತೆರೆದು, ಯಾವ ವಾಕ್ಯದಲ್ಲಿ ಇವರ ಹೆಸರು ಬಂದಿದೆ ಎಂದು ಹುಡುಕಿ. ಪೀಠಿಕೆಯಲ್ಲಿ ಹತ್ತರ ಜೊತೆ ಹನ್ನೊಂದಾಗಿ ಬಂದದ್ದಕ್ಕೂ, ‘ಇವರ ವಿಧಾನವನ್ನು ಅನುಸರಿಸಿ ಅಳೆದೆವು’ ಎಂದು ಬಂದದ್ದಕ್ಕೂ ಅಜಗಜಾಂತರ. ಒಂದು ಸಂಜೆಯ ಕೆಲಸವಿದು. ಪಟ್ಟಿಯ ಎಲ್ಲ ಅಂಕಿಗಳಿಗಿಂತ ಹೆಚ್ಚು ತಿಳಿಸಿಕೊಡುತ್ತದೆ.

ಉಲ್ಲೇಖದ ಲೆಕ್ಕಕ್ಕೆ ಸಿಗದ ಕೆಲಸವನ್ನು ಹಾಳೆಯ ಕೆಳಗೆ ಪ್ರತ್ಯೇಕವಾಗಿ ಬರೆದುಕೊಳ್ಳಿ. ಪಾಲಿಮರ್ ಕಡೆ ಅದು ಪೇಟೆಂಟ್ ಮತ್ತು ಕಾರ್ಖಾನೆಗೆ ಹಸ್ತಾಂತರವಾದ ತಂತ್ರಜ್ಞಾನ. ಪುಣೆಯ ಪಾಷಾಣ ಬಡಾವಣೆಯಲ್ಲಿರುವ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ 1989ರಿಂದ 1995ರವರೆಗೆ ನಿರ್ದೇಶಕರಾಗಿದ್ದ, ಗೋವಾದ ಮಾಶೆಲ್‌ನಲ್ಲಿ ಹುಟ್ಟಿದ ಪಾಲಿಮರ್ ವಿಜ್ಞಾನಿ ರಘುನಾಥ ಮಾಶೇಲ್ಕರ್ ಅವರು ಲೇಖನದಷ್ಟೇ ಪೇಟೆಂಟಿಗೂ ಒತ್ತು ಕೊಟ್ಟವರು. ಪೇಟೆಂಟ್ ಅರ್ಜಿ ಸಲ್ಲಿಸುವವರೆಗೆ ಲೇಖನವನ್ನು ತಡೆಹಿಡಿಯಬೇಕಾಗುವುದರಿಂದ, ಉದ್ಯಮದ ಜೊತೆ ದುಡಿಯುವವರ ಲೇಖನಗಳ ನಡುವೆ ಎರಡು ಮೂರು ವರ್ಷದ ಖಾಲಿ ಜಾಗ ಕಾಣಬಹುದು. ಅದನ್ನು ಸೋಮಾರಿತನವೆಂದು ಓದಬಾರದು. ವಿಷನ್ ಕಡೆ ಹಾಗೆಯೇ ಕೋಡ್ ಮತ್ತು ಚಿತ್ರಸಂಗ್ರಹವಿದೆ. ಲೇಖಕರ ಸಾಲಿನ ವಿಷಯವೂ ಇದೆ: ಎರಡೂ ಕ್ಷೇತ್ರಗಳಲ್ಲಿ ಮೊದಲ ಹೆಸರು ಹೆಚ್ಚಾಗಿ ಕೆಲಸ ಮಾಡಿದ ವಿದ್ಯಾರ್ಥಿಯದು, ಕೊನೆಯ ಹೆಸರು ಮಾರ್ಗದರ್ಶಕರದು. ಇವರು ಪಾಲಿಮರ್ ಲೇಖನಗಳಲ್ಲಿ ಕೊನೆಯಲ್ಲಿದ್ದು ವಿಷನ್ ಲೇಖನಗಳಲ್ಲಿ ಸದಾ ನಡುವೆ ಇದ್ದರೆ, ಅಲ್ಲಿ ಇವರ ಪಾಲು ಬಹುಶಃ ಮಾದರಿಗಳನ್ನು ಒದಗಿಸುವುದಕ್ಕೆ ಸೀಮಿತವಾಗಿರಬಹುದು. ಈಚಿನ ಹಲವು ಲೇಖನಗಳ ಕೊನೆಯಲ್ಲಿ, ಕ್ರೆಡಿಟ್ ಎಂಬ 14 ಪಾತ್ರಗಳ ಪದ್ಧತಿಯಂತೆ ಯಾರು ಏನು ಮಾಡಿದರೆಂದು ಬರೆದಿರುತ್ತಾರೆ. ಊಹಿಸುವ ಬದಲು ಅದನ್ನೇ ಓದಿ.

ಕೊನೆಗೆ ಫಲಿತಾಂಶವನ್ನು ಒಂದು ಅಂಕಿಯಾಗಿ ಅಲ್ಲ, ಒಂದು ಪುಟ್ಟ ಟಿಪ್ಪಣಿಯಾಗಿ ಬರೆಯಬೇಕು. ಅಂಕಿ ತೆಗೆದ ದಿನಾಂಕ ಮತ್ತು ತಾಣದ ಹೆಸರು ಅದರ ಮೊದಲ ಸಾಲಿನಲ್ಲಿರಬೇಕು. ಗೆಳೆಯರ ಮಗಳು ಎರಡು ವಾರ ಬಿಟ್ಟು ತಂದು ತೋರಿಸಿದ ಟಿಪ್ಪಣಿ ಹೀಗಿತ್ತು: ಆರ್ಕಿಡ್ ತಾಳೆಯಾಗಿದೆ, ಇನ್ನೊಬ್ಬರ ನಾಲ್ಕು ಲೇಖನ ಕಳೆದಿದ್ದೇನೆ, ಪಾಲಿಮರ್ ರಾಶಿಯಲ್ಲಿ ಕೆಲಸ ಹಳೆಯದು, ಸ್ಥಿರವಾದದ್ದು, ಇವರೇ ಮುಖ್ಯ ಲೇಖಕರು, ವಿಷನ್ ರಾಶಿ 2019ರಿಂದ ಈಚಿನದು, ಇವರು ನಡುವಿನ ಲೇಖಕರು, ಕೂಡಿದ ಲೇಖನ ಮೂರು, ಅವುಗಳಲ್ಲಿ ಎರಡರಲ್ಲಿ ಕೈಯಳತೆಯೊಂದಿಗೆ ತಾಳೆ ನೋಡಿದ್ದಾರೆ. ಅದರ ಕೆಳಗೆ, ಭೇಟಿಯಲ್ಲಿ ಕೇಳಲೆಂದು ಒಂದು ಪ್ರಶ್ನೆಯನ್ನೂ ಬರೆದುಕೊಂಡಿದ್ದಳು: ಚಿತ್ರಗಳಿಗೆ ಗುರುತು ಹಾಕುವ ಕೆಲಸ ಯಾರು ಮಾಡುತ್ತಾರೆ, ಅದನ್ನು ನನಗೆ ಕಲಿಸುವವರು ಯಾರು? ಆ ಟಿಪ್ಪಣಿಯಲ್ಲಿ ಎಚ್-ಇಂಡೆಕ್ಸ್ ಇರಲಿಲ್ಲ. ನಾನು ಸೇರಿಸು ಎಂದು ಹೇಳಲೂ ಇಲ್ಲ.